ಬೀಡೋ, ಅಲ್ಯೂಮಿನಿಯಮ್ಮೋ? ರಸ್ತೆಗೂ ಡ್ರ್ಯಾಗಿಗೂ ಒಂದೇ ಕಾರು ಇದ್ದಾಗ

ಪ್ರಶ್ನೆ: ಸರ್, ನನ್ನದು ಹಿಂದಿನ ಚಕ್ರದಿಂದ ಓಡುವ ಕಾರು. ನಾನು ಕೂತರೆ ಒಟ್ಟು 1,550 ಕೆಜಿ. ವಿ8 ಎಂಜಿನ್, ಸುಮಾರು 600 ಅಶ್ವಶಕ್ತಿ, 750 ನ್ಯೂಟನ್ ಮೀಟರ್ ಟಾರ್ಕ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್, 3.70 ಅನುಪಾತದ ಕ್ರೌನ್ ಪಿನಿಯನ್ (ಎಂಜಿನ್ ಬಲವನ್ನು ಹಿಂದಿನ ಚಕ್ರಗಳಿಗೆ ದಾಟಿಸುವ ಗೇರ್ ಜೋಡಿ). ಹಿಂದೆ ಇರುವುದು ಫೋರ್ಡ್ 9 ಇಂಚಿನ ಆಕ್ಸಲ್, ಒಳಗೆ ಆ ಗೇರ್‌ಗಳನ್ನು ಹಿಡಿದಿಡುವ ಹಳೆಯ ಕಾಸ್ಟ್ ಐರನ್ (ಬೀಡು) ಕೇಸ್. ವಾರವೆಲ್ಲ ರಸ್ತೆಯಲ್ಲಿ ಓಡಿಸುತ್ತೇನೆ, ತಿಂಗಳಿಗೆ ಒಂದೆರಡು ಸಲ ಡ್ರ್ಯಾಗ್ ಸ್ಟ್ರಿಪ್‌ಗೆ (ನಿಂತಲ್ಲಿಂದ ನೇರವಾಗಿ ಕಾಲು ಮೈಲಿ ಓಡಿಸುವ ರೇಸ್ ಜಾಗ) ಹೋಗುತ್ತೇನೆ. ಈಚೆಗೆ ನೆಲವನ್ನು ಗಟ್ಟಿಯಾಗಿ ಹಿಡಿಯುವ ಡ್ರ್ಯಾಗ್ ರೇಡಿಯಲ್ ಟೈರ್ ಹಾಕಿದ ಮೇಲೆ ಮೊದಲ 60 ಅಡಿ 1.55 ಸೆಕೆಂಡಿಗೆ ಬಂದಿದೆ. ಕೇಸ್ ಬದಲಿಸು ಅಂತ ಎಲ್ಲರೂ ಹೇಳುತ್ತಿದ್ದಾರೆ. ಒಬ್ಬ ಗೆಳೆಯ ಅಲ್ಯೂಮಿನಿಯಂ ಹಾಕಿಸು ಎನ್ನುತ್ತಾನೆ. ಅವನ ಕೇಸ್‌ಗೆ 4 ವರ್ಷದಿಂದ ಏನೂ ಆಗಿಲ್ಲವಂತೆ. ಇನ್ನೊಬ್ಬ ನಾಡ್ಯುಲರ್ ಐರನ್ (ಸುಲಭಕ್ಕೆ ಸೀಳದ ಒಂದು ಬಗೆಯ ಬೀಡು) ಸಾಕು ಎನ್ನುತ್ತಾನೆ. ಹೊರಗಿನ ಆಕ್ಸಲ್ ಹೌಸಿಂಗನ್ನೂ ಕ್ರೋಮೋಲಿ ಅನ್ನುವ ಬಲವಾದ ಉಕ್ಕಿನಲ್ಲಿ ಮಾಡಿಸಬೇಕಾ? ಯಾವುದು ಸರಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಾರಿಗೆ ನಾಡ್ಯುಲರ್ ಐರನ್ ಕೇಸ್ ಹಾಕಿಸಿ. ಹೊರಗಿನ ಹೌಸಿಂಗ್‌ಗೆ ಸಾದಾ ಮೈಲ್ಡ್ ಸ್ಟೀಲ್ ಸಾಕು, ಆದರೆ ಆಕಾರ ಚೆನ್ನಾಗಿರಬೇಕು, ಹಿಂದೆ ಬ್ರೇಸ್ (ಬೆಸೆದ ಆಸರೆ ಪಟ್ಟಿ) ಇರಬೇಕು. ಅಲ್ಯೂಮಿನಿಯಂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಗೆಳೆಯ ಸುಳ್ಳು ಹೇಳುತ್ತಿಲ್ಲ ಅನ್ನೋದೂ ನನಗೆ ಗೊತ್ತು. ಆದರೆ ಅವರ ಕಾರಿನ ಬದುಕು ಬೇರೆ, ನಿಮ್ಮ ಕಾರಿನ ಬದುಕು ಬೇರೆ. ಅದೇ ಇಲ್ಲಿನ ಮುಖ್ಯ ವಿಷಯ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕೇಸ್ ಮಾಡುವ ಕೆಲಸ ಏನು ಅನ್ನೋದರಿಂದ ಶುರು ಮಾಡೋಣ. ಹೆಚ್ಚಿನವರು ಕೇಸ್ ಒಡೆಯುತ್ತಾ ಇಲ್ಲವಾ ಅಂತ ಮಾತ್ರ ಯೋಚಿಸುತ್ತಾರೆ. ಒಡೆಯುವುದು ಕೊನೆಯ ಹಂತ. ಅದಕ್ಕೆ ಎಷ್ಟೋ ಮೊದಲು ಕೇಸ್ ಬಾಗಿರುತ್ತದೆ. ಕ್ರೌನ್ ವೀಲ್ (ದೊಡ್ಡ ಗೇರ್) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರ್) ಎರಡನ್ನೂ ಕೂದಲೆಳೆಯಷ್ಟೂ ಅಲುಗದಂತೆ ಹಿಡಿದುಕೊಳ್ಳುವುದೇ ಅದರ ಕೆಲಸ. ಹಲ್ಲಿನ ಮೇಲೆ ಭಾರ ಬಿದ್ದಾಗ ಪಿನಿಯನ್ ಕ್ರೌನ್ ವೀಲನ್ನು ದೂರ ತಳ್ಳುತ್ತದೆ, ತಾನೂ ದೂರ ಸರಿಯಲು ನೋಡುತ್ತದೆ. ಕೇಸ್ ಸ್ವಲ್ಪ ಬಾಗಿತು ಅಂದರೆ ಹಲ್ಲಿನ ಮಧ್ಯದಲ್ಲಿ ಬೀಳಬೇಕಾದ ಭಾರ ಅಂಚಿಗೆ ಹೋಗುತ್ತದೆ. ಅಂಚಿನಲ್ಲಿ ಭಾರ ಹೊತ್ತ ಹಲ್ಲು ಮುರಿಯುತ್ತದೆ. ಆಮೇಲೆ ಎಲ್ಲರೂ ಗೇರ್ ಸೆಟ್ ಕಳಪೆ ಅಂತ ಬೈಯುತ್ತಾರೆ. ಪಾಪ, ಎಷ್ಟೋ ಸಲ ತಪ್ಪು ಗೇರಿನದಲ್ಲ, ಅದನ್ನು ಹಿಡಿದಿದ್ದ ಕೇಸಿನದು.

ಭಾರ ಎಷ್ಟು ಬೀಳುತ್ತದೆ? ನಿಮ್ಮ ಲೆಕ್ಕವನ್ನೇ ಹಾಕಿ ನೋಡೋಣ. 60 ಅಡಿ ಅಂದರೆ 18.3 ಮೀಟರ್. ನಿಂತಲ್ಲಿಂದ ಅದನ್ನು 1.55 ಸೆಕೆಂಡಿನಲ್ಲಿ ದಾಟಿದರೆ ಸರಾಸರಿ ವೇಗವರ್ಧನೆ ಸುಮಾರು 1.55 ಜಿ (ಗುರುತ್ವದ 1.55 ಪಟ್ಟು) ಬರುತ್ತದೆ. ಗಡಿಯಾರ ಶುರುವಾಗುವ ಮೊದಲೇ ಕಾರು ಸ್ವಲ್ಪ ಉರುಳಿರುತ್ತದೆ. ಅದನ್ನು ಕಳೆದು 1.4 ಜಿ ಅಂತ ಇಟ್ಟುಕೊಳ್ಳಿ. 1,550 ಕೆಜಿಯನ್ನು ಆ ದರದಲ್ಲಿ ತಳ್ಳಲು ಟೈರ್ ನೆಲವನ್ನು ಸುಮಾರು 21,000 ನ್ಯೂಟನ್ ಬಲದಿಂದ ಒದೆಯಬೇಕು. ಟೈರಿನ ತ್ರಿಜ್ಯ 34 ಸೆಂಟಿಮೀಟರ್ ಅಂದರೆ ಎರಡೂ ಆಕ್ಸಲ್ ಸೇರಿ 7,200 ನ್ಯೂಟನ್ ಮೀಟರ್ ಟಾರ್ಕ್. ಕ್ರೌನ್ ವೀಲ್‌ನ ಅಡ್ಡಳತೆ 9 ಇಂಚು. ಹಲ್ಲಿನ ನಡುಭಾಗ ಅದರ ಕೇಂದ್ರದಿಂದ ಸುಮಾರು 9.7 ಸೆಂಟಿಮೀಟರ್ ದೂರ. ಭಾಗಿಸಿ ನೋಡಿ: ಹಲ್ಲುಗಳ ಮೇಲೆ ಏಳೂವರೆ ಟನ್. ಇದು ನಿಧಾನವಾಗಿ ಇಟ್ಟ ಭಾರವಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುವ ಏಟು.

ಈಗ ಎಂಜಿನ್ ಕಡೆಯಿಂದ ನೋಡಿ. ನಿಮ್ಮ 750 ನ್ಯೂಟನ್ ಮೀಟರ್, ಟಾರ್ಕ್ ಕನ್ವರ್ಟರ್‌ನಿಂದ ಸುಮಾರು 1.9 ಪಟ್ಟು, ಮೊದಲ ಗೇರ್ 2.48 ಅಂತ ಇಟ್ಟುಕೊಂಡರೆ ಅಷ್ಟು ಪಟ್ಟು, ಕೊನೆಗೆ 3.70 ಪಟ್ಟು. ಎಲ್ಲ ಗುಣಿಸಿದರೆ 13,000 ದಾಟುತ್ತದೆ. ಟೈರ್ ನೆಲಕ್ಕೆ ದಾಟಿಸಿದ್ದು 7,200 ಮಾತ್ರ. ಅಂದರೆ ಎಂಜಿನ್ ಹತ್ತಿರ ಇನ್ನೂ ಹೆಚ್ಚುಕಮ್ಮಿ ಅಷ್ಟೇ ಬಾಕಿ ಇದೆ. ಇಷ್ಟು ದಿನ ನಿಮ್ಮ ಹಳೇ ಕೇಸನ್ನು ಕಾಪಾಡಿದ್ದು ಜಾರುತ್ತಿದ್ದ ರಸ್ತೆ ಟೈರ್. ಅದು ಫ್ಯೂಸ್ ಇದ್ದ ಹಾಗೆ. ಡ್ರ್ಯಾಗ್ ರೇಡಿಯಲ್ ಹಾಕಿ ನೀವು ಆ ಫ್ಯೂಸನ್ನು ದಪ್ಪ ಮಾಡಿದ್ದೀರಿ. ಅಶ್ವಶಕ್ತಿ ಒಂದಿಷ್ಟೂ ಏರಿಲ್ಲ, ಆದರೆ ಹಲ್ಲಿನ ಮೇಲಿನ ಭಾರ ತುಂಬಾ ಏರಿದೆ. ಹಾಗಾಗಿ "ಎಷ್ಟು ಹಾರ್ಸ್‌ಪವರ್‌ಗೆ ಯಾವ ಕೇಸ್" ಅನ್ನುವ ಪಟ್ಟಿಗಳನ್ನು ನಾನು ನಂಬುವುದಿಲ್ಲ. ತೂಕ ಎಷ್ಟು, ಟೈರ್ ಯಾವುದು, 60 ಅಡಿ ಎಷ್ಟಕ್ಕೆ ಬಂತು, ಇವು ಮೂರು ಗೊತ್ತಾದರೆ ಸಾಕು.

ಈಗ ಲೋಹಕ್ಕೆ ಬರೋಣ.

ನಿಮ್ಮ ಹಳೇ ಕೇಸ್ ಸಾದಾ ಬೀಡು, ಅಂದರೆ ಗ್ರೇ ಐರನ್. ಫೋರ್ಡ್ 9 ಇಂಚಿನ ಆಕ್ಸಲ್ 1957ರ ಮಾಡೆಲ್‌ಗಳಲ್ಲಿ ಬಂತು. ಕಾರ್ಖಾನೆಯಿಂದ ಹೊರಬಿದ್ದ ಕೇಸ್‌ಗಳಲ್ಲಿ ಹೆಚ್ಚಿನವು ಇದೇ ಲೋಹದವು. ಈ ಬೀಡಿನಲ್ಲಿ ಇಂಗಾಲ ತೆಳ್ಳಗಿನ ಹಾಳೆಗಳ ಹಾಗೆ ಹರಡಿಕೊಂಡಿರುತ್ತದೆ. ಒಂದೊಂದು ಹಾಳೆಯ ತುದಿಯೂ ಒಂದು ಪುಟ್ಟ ಬಿರುಕು ಇದ್ದ ಹಾಗೆ. ಒತ್ತಿದರೆ ಗಟ್ಟಿ, ಎಳೆದರೆ ಆ ತುದಿಗಳಿಂದಲೇ ಸೀಳುತ್ತದೆ. ಬಾಗಿ ಎಚ್ಚರಿಕೆ ಕೊಡುವ ಗುಣ ಅದಕ್ಕಿಲ್ಲ. ಮುರಿಯುವ ಮುಂಚೆ ಶೇಕಡಾ 1ರಷ್ಟೂ ಹಿಗ್ಗುವುದಿಲ್ಲ. ಒಳ್ಳೆಯ ಗುಣವೂ ಇದೆ. ಕಂಪನವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಅದಕ್ಕೇ ಆ ಕೇಸ್‌ಗಳು ಅಷ್ಟು ಸದ್ದಿಲ್ಲದೆ ಓಡುತ್ತವೆ. ರಸ್ತೆ ಟೈರ್ ಹಾಕಿ ಸುಮ್ನೆ ಓಡಿಸುವವರಿಗೆ ಅದು ಇವತ್ತಿಗೂ ಸಾಕು. ನಿಮಗೆ ಇನ್ನು ಸಾಲದು.

9 ಇಂಚಿನ ವಿನ್ಯಾಸದಲ್ಲಿ ಪಿನಿಯನ್‌ಗೆ 3 ಬೇರಿಂಗ್. ಎರಡು ಟೇಪರ್ ರೋಲರ್ ಬೇರಿಂಗ್ ಮುಂದೆ ಪಿನಿಯನ್ ಸಪೋರ್ಟ್‌ನಲ್ಲಿ ಕೂತಿರುತ್ತವೆ. ಮೂರನೆಯದು ಪೈಲಟ್ ಬೇರಿಂಗ್. ಅದು ಪಿನಿಯನ್ ಮೂಗಿನ ತುದಿಯನ್ನು ಕೇಸಿನೊಳಗೆ ಹಿಡಿದುಕೊಳ್ಳುತ್ತದೆ. ಆಕ್ಸಲ್‌ನ ಹೆಸರು ಇಷ್ಟು ದೊಡ್ಡದಾಗಿರುವುದಕ್ಕೆ ಆ ಮೂರನೇ ಬೇರಿಂಗ್ ದೊಡ್ಡ ಕಾರಣ. ಆದರೆ ಅದನ್ನು ಹೊತ್ತ ಬೀಡಿನ ಗೋಡೆ ತೆಳು. ಸಾದಾ ಬೀಡಿನ ಕೇಸ್ ಬಿಚ್ಚಿದಾಗಲೆಲ್ಲ ನಾನು ಮೊದಲು ಕಣ್ಣು ಹಾಯಿಸುವುದು ಅಲ್ಲಿಗೆ, ಆಮೇಲೆ ಕ್ರೌನ್ ವೀಲನ್ನು ಎರಡು ಪಕ್ಕದಿಂದ ಹೊರುವ ಸೈಡ್ ಬೇರಿಂಗ್‌ಗಳ ಕ್ಯಾಪ್‌ಗಳ ಬುಡಕ್ಕೆ. ಒಮ್ಮೆ ಒಬ್ಬರು ಬರೀ ಸೀಲ್ ಬದಲಿಸಲು ಕೇಸ್ ತಂದಿದ್ದರು. ಒರೆಸಿ ನೋಡಿದರೆ ಪೈಲಟ್ ಬೇರಿಂಗ್ ಸುತ್ತ ಅರ್ಧ ಚಂದ್ರದ ಹಾಗೆ ಬಿರುಕು. ಹಿಂದಿನ ವಾರವಷ್ಟೇ ಅವರು ಅದರಲ್ಲಿ 5 ಲಾಂಚ್ (ನಿಂತಲ್ಲಿಂದ ಪೂರ್ತಿ ಬಲದಲ್ಲಿ ಹೊರಡುವುದು) ಮಾಡಿದ್ದರು. ಇನ್ನೊಂದು ಲಾಂಚ್ ಮಾಡಿದ್ದರೆ ಪಿನಿಯನ್ ಮೂಗಿಗೆ ಆಸರೆಯೇ ಇರುತ್ತಿರಲಿಲ್ಲ.

ನಾಡ್ಯುಲರ್ ಐರನ್ ಕೂಡ ಬೀಡೇ. ಎಸ್‌ಜಿ ಐರನ್, ಡಕ್ಟೈಲ್ ಐರನ್ ಅಂತಲೂ ಅದನ್ನೇ ಕರೆಯುತ್ತಾರೆ. ವ್ಯತ್ಯಾಸ ಇಷ್ಟೇ: ಕರಗಿದ ಲೋಹಕ್ಕೆ ಸ್ವಲ್ಪ ಮೆಗ್ನೀಸಿಯಂ ಸೇರಿಸುತ್ತಾರೆ. ಆಗ ಇಂಗಾಲ ಹಾಳೆಯಾಗುವ ಬದಲು ಸಾಸಿವೆ ಕಾಳಿನ ಹಾಗೆ ಗುಂಡಗಾಗುತ್ತದೆ. 1943ರಲ್ಲಿ ಕೀತ್ ಮಿಲ್ಲಿಸ್ ಅನ್ನುವವರು ಇದನ್ನು ಕಂಡುಕೊಂಡರು, 1949ರಲ್ಲಿ ಪೇಟೆಂಟ್ ಆಯಿತು. ಗುಂಡಗಿನ ಕಾಳಿಗೆ ಚೂಪು ತುದಿ ಇಲ್ಲ, ಹಾಗಾಗಿ ಬಿರುಕು ಹುಟ್ಟಲು ಜಾಗ ಸಿಗುವುದಿಲ್ಲ. ಸಾಮಾನ್ಯವಾಗಿ ಬಳಸುವ 65-45-12 ಅನ್ನುವ ದರ್ಜೆ ಸುಮಾರು 450 ಮೆಗಾಪ್ಯಾಸ್ಕಲ್ ಎಳೆತ ತಡೆಯುತ್ತದೆ. ಮುರಿಯುವ ಮುಂಚೆ ಶೇಕಡಾ 12ರಷ್ಟು ಹಿಗ್ಗುತ್ತದೆ. 80-55-06 ದರ್ಜೆಯಾದರೆ 550 ಮೆಗಾಪ್ಯಾಸ್ಕಲ್, ಹಿಗ್ಗುವುದು ಶೇಕಡಾ 6. ಅಚ್ಚು ಹೊಯ್ದ ಅಲ್ಯೂಮಿನಿಯಂನಲ್ಲಿ ಹೆಚ್ಚು ಬಳಕೆಯಲ್ಲಿರುವ ಎ356-ಟಿ6 ಸುಮಾರು 230ರಿಂದ 260ಕ್ಕೆ ನಿಲ್ಲುತ್ತದೆ.

ಆದರೆ ನನ್ನ ಗಮನ ಇರುವುದು ಬಲದ ಮೇಲಲ್ಲ, ಬಿಗಿತದ ಮೇಲೆ. ಒಂದೇ ಆಕಾರದ ಎರಡು ತುಂಡಿಗೆ ಒಂದೇ ಭಾರ ಹಾಕಿದರೆ ಯಾವುದು ಎಷ್ಟು ಬಾಗುತ್ತದೆ ಅನ್ನೋದನ್ನು ಇಲಾಸ್ಟಿಕ್ ಮಾಡ್ಯುಲಸ್ ಹೇಳುತ್ತದೆ. ಉಕ್ಕಿಗೆ ಅದು ಸುಮಾರು 205 ಗಿಗಾಪ್ಯಾಸ್ಕಲ್. ನಾಡ್ಯುಲರ್‌ಗೆ ಸುಮಾರು 168. ಸಾದಾ ಬೀಡಿಗೆ 100ರಿಂದ 130. ಅಲ್ಯೂಮಿನಿಯಂಗೆ 70. ಅಂದರೆ ಅದೇ ದಪ್ಪದಲ್ಲಿ ಮಾಡಿದರೆ ಅಲ್ಯೂಮಿನಿಯಂ ಕೇಸ್ ನಾಡ್ಯುಲರ್‌ಗಿಂತ ಎರಡು ಪಟ್ಟಿಗೂ ಜಾಸ್ತಿ ಬಾಗುತ್ತದೆ. ಅದಕ್ಕೇ ಒಳ್ಳೆಯ ಅಲ್ಯೂಮಿನಿಯಂ ಕೇಸ್ ಮಾಡುವವರು ಗೋಡೆ ದಪ್ಪ ಮಾಡುತ್ತಾರೆ, ರಿಬ್ ಜಾಸ್ತಿ ಹಾಕುತ್ತಾರೆ, ಬೇರಿಂಗ್ ಕ್ಯಾಪ್ ದೊಡ್ಡದು ಮಾಡುತ್ತಾರೆ. ಹಾಗೆ ಮಾಡಿದಾಗ ಅದು ನಿಜಕ್ಕೂ ಗಟ್ಟಿಯಾದ ವಸ್ತುವೇ. ತೂಕದಲ್ಲಿ ಮಾತ್ರ ನಾವು ಅಂದುಕೊಂಡಷ್ಟು ಉಳಿತಾಯ ಆಗುವುದಿಲ್ಲ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೂರರಲ್ಲಿ ಒಂದು ಪಾಲಿನಷ್ಟೇ ಭಾರ, ನಿಜ. ಆದರೆ ದಪ್ಪ ಗೋಡೆ ಆ ಲಾಭದ ಒಂದು ಭಾಗವನ್ನು ತಿಂದುಹಾಕುತ್ತದೆ. ಉಳಿಯುವುದು 10 ಕೆಜಿಯೊಳಗೆ. ಡ್ರ್ಯಾಗ್‌ನವರ ಹಳೆಯ ಲೆಕ್ಕ ಒಂದಿದೆ: 45 ಕೆಜಿ ಇಳಿಸಿದರೆ ಕಾಲು ಮೈಲಿಯಲ್ಲಿ 0.1 ಸೆಕೆಂಡ್. ಆ ಲೆಕ್ಕದಲ್ಲಿ 7 ಕೆಜಿಗೆ 0.02 ಸೆಕೆಂಡ್ ಕೂಡ ಸಿಗುವುದಿಲ್ಲ. ಸ್ಪ್ರಿಂಗ್ ಕೆಳಗಿನ ತೂಕ ಕಡಿಮೆ ಆಗುವುದು ಒಳ್ಳೆಯದೇ. ಆದರೆ ಇಡೀ ಘನ ಆಕ್ಸಲ್, ಬ್ರೇಕು, ಚಕ್ರ, ಟೈರ್ ಎಲ್ಲ ಸೇರಿದ ಭಾರದ ಮುಂದೆ ಅದು ಅಷ್ಟೇನೂ ಅಲ್ಲ.

ಈಗ ನಿಮ್ಮ ಗೆಳೆಯರ 4 ವರ್ಷದ ಮಾತಿಗೆ ಬರುತ್ತೇನೆ. ಅವರು ಕಾರನ್ನು ಸ್ಟ್ರಿಪ್‌ಗೆ ಹೇಗೆ ಒಯ್ಯುತ್ತಾರೆ ಅಂತ ಕೇಳಿ ನೋಡಿ. ಟ್ರೇಲರ್ ಮೇಲೆ ಅಂತಾದರೆ ಉತ್ತರ ಅಲ್ಲೇ ಇದೆ.

ಡ್ರ್ಯಾಗ್ ಓಟ 10, 11 ಸೆಕೆಂಡಿನ ಕೆಲಸ. ಅಷ್ಟರಲ್ಲಿ ಕೇಸ್ ಬಿಸಿಯೇ ಆಗುವುದಿಲ್ಲ. ಓಟ ಮುಗಿಸಿ ಬಂದ ಕಾರಿನ ಕೇಸ್ ಮೇಲೆ ಕೈ ಇಟ್ಟರೆ ಉಗುರುಬೆಚ್ಚಗೆ ಇರುತ್ತದೆ, ಅಷ್ಟೆ. ರಸ್ತೆಯ ಕತೆಯೇ ಬೇರೆ. 9 ಇಂಚಿನ ಆಕ್ಸಲ್‌ನಲ್ಲಿ ಪಿನಿಯನ್ ಕ್ರೌನ್ ವೀಲ್‌ನ ಮಧ್ಯರೇಖೆಗಿಂತ ತುಂಬಾ ಕೆಳಗೆ ಕೂತಿರುತ್ತದೆ. ಇದರಿಂದ ಒಮ್ಮೆಗೆ ಹೆಚ್ಚು ಹಲ್ಲುಗಳು ಕಚ್ಚಿಕೊಳ್ಳುತ್ತವೆ, ಬಲ ಬರುತ್ತದೆ. ಆದರೆ ಹಲ್ಲುಗಳು ಒಂದರ ಮೇಲೊಂದು ಜಾರುವುದೂ ಜಾಸ್ತಿ, ಹಾಗಾಗಿ ಬಿಸಿಯೂ ಜಾಸ್ತಿ. ಹೈವೇಯಲ್ಲಿ ಒಂದೂವರೆ ಗಂಟೆ ಒಂದೇ ಸಮ ಓಡಿಸಿದರೆ ಎಣ್ಣೆ 100 ಡಿಗ್ರಿ ಹತ್ತಿರ ಹೋಗುವುದು ಆಶ್ಚರ್ಯವೇನಲ್ಲ. ಕೇಸ್ ಜೋಡಿಸಿದ್ದು 25 ಡಿಗ್ರಿಯಲ್ಲಿ. ಅಂದರೆ 75, 80 ಡಿಗ್ರಿ ಏರಿಕೆ.

ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬೀಡು ಹಿಗ್ಗುವುದು ಉಕ್ಕಿನಷ್ಟೇ. ಇದು ಸಣ್ಣ ವಿಷಯ ಅನ್ನಿಸಬಹುದು. ಅಂಕಿ ಹಾಕಿ ನೋಡಿ. ಎರಡು ಸೈಡ್ ಬೇರಿಂಗ್‌ಗಳ ಹೊರ ಅಂಚುಗಳ ನಡುವೆ 200 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. 80 ಡಿಗ್ರಿ ಏರಿದಾಗ ಅಲ್ಯೂಮಿನಿಯಂ ಕೇಸ್, ಒಳಗಿರುವ ಉಕ್ಕಿನ ಭಾಗಗಳಿಗಿಂತ ಸುಮಾರು 0.16 ಮಿಲಿಮೀಟರ್ ಜಾಸ್ತಿ ಹಿಗ್ಗುತ್ತದೆ. ಸೈಡ್ ಬೇರಿಂಗ್‌ಗೆ ನೀವು ಬಿಗಿದು ಕೊಟ್ಟ ಪ್ರೀಲೋಡ್‌ನ, ಅಂದರೆ ಮೊದಲೇ ಕೊಟ್ಟ ಒತ್ತಡದ, ದೊಡ್ಡ ಪಾಲು ಅಲ್ಲಿಗೆ ಕರಗಿಹೋಗುತ್ತದೆ. ಕ್ರೌನ್ ವೀಲ್‌ಗೆ ಅಲುಗಾಡಲು ಜಾಗ ಸಿಗುತ್ತದೆ. ಬ್ಯಾಕ್‌ಲ್ಯಾಶ್ (ಎರಡು ಗೇರಿನ ಹಲ್ಲುಗಳ ನಡುವಿನ ಸಡಿಲ) 0.20ರಿಂದ 0.30 ಮಿಲಿಮೀಟರ್ ಒಳಗೆ ಇಡಬೇಕು ಅಂತ ಅಷ್ಟು ಜೋಪಾನವಾಗಿ ಡಯಲ್ ಗೇಜ್ ಹಿಡಿದು ಕೂತಿರುತ್ತೇವೆ, ಅಲ್ವಾ? ಆ ಲೆಕ್ಕದಲ್ಲಿ 0.1 ಕೂಡ ದೊಡ್ಡದು. ಬೇರಿಂಗ್‌ನ ಹೊರ ರೇಸ್ ಕೂತಿರುವ ಬೋರ್‌ನ ಕತೆಯೂ ಇದೇ. 78 ಮಿಲಿಮೀಟರ್ ಬೋರ್ 0.06ರಷ್ಟು ಸಡಿಲವಾಗುತ್ತದೆ. ಆಗ ರೇಸ್ ನಿಧಾನವಾಗಿ ಜಾರಿ ತಿರುಗತೊಡಗುತ್ತದೆ, ಮೆತ್ತನೆಯ ಬೋರನ್ನು ಸವೆಸುತ್ತದೆ. ಸವೆದ ಬೋರ್ ತಣ್ಣಗಾದಾಗಲೂ ಸಡಿಲವೇ.

ಇದನ್ನು ನಾನು ನನ್ನ ಕೆಲಸದಲ್ಲೇ ಕಲಿತೆ. ಎಷ್ಟೋ ವರ್ಷದ ಹಿಂದೆ ಒಂದು ಅಲ್ಯೂಮಿನಿಯಂ ಕೇಸನ್ನು ಬೀಡಿನ ಕೇಸ್‌ಗೆ ಕೊಡುವಷ್ಟೇ ಪ್ರೀಲೋಡ್ ಕೊಟ್ಟು ಜೋಡಿಸಿದೆ. ಟೇಬಲ್ ಮೇಲೆ ಗೇರ್ ಪ್ಯಾಟರ್ನ್ (ಹಲ್ಲಿಗೆ ಹಲ್ಲು ತಾಗಿದ ಗುರುತು) ಅಚ್ಚುಕಟ್ಟಾಗಿತ್ತು. ಕಾರಿನ ಯಜಮಾನರು ಮೊದಲ ದೂರದ ಪ್ರಯಾಣದಿಂದ ಬಂದು, ಒಂದು ಗಂಟೆ ಆದ ಮೇಲೆ ಹಿಂದಿನಿಂದ ಊಳಿಡುವ ಸದ್ದು ಬರುತ್ತದೆ, ಬೆಳಿಗ್ಗೆ ಇರುವುದಿಲ್ಲ ಅಂದರು. ನನಗೆ ಅದು ಅರ್ಥವಾಗಲು ಎರಡು ಸಲ ಬಿಚ್ಚಬೇಕಾಯಿತು. ತಣ್ಣಗಿದ್ದಾಗ ಎಲ್ಲವೂ ಸರಿಯಾಗೇ ಇತ್ತು. ಕೊನೆಗೆ ಕೇಸನ್ನು ಬಿಸಿ ಮಾಡಿ ಅಳೆದೆ. ಆಗ ಗೊತ್ತಾಯಿತು. ಆ ಮನುಷ್ಯ ತಾಳ್ಮೆಯಿಂದ ಕಾದರು, ಗೇರ್ ಸೆಟ್ ಮಾತ್ರ ಹಾಳಾಗಿತ್ತು. ಅದರ ನೋವು ನನಗೆ ಈಗಲೂ ಇದೆ.

ದಣಿವಿನ ವಿಷಯವೂ ಇದೆ. ಉಕ್ಕು ಮತ್ತು ಬೀಡಿಗೆ ಒಂದು ಮಿತಿ ಇದೆ. ಆ ಮಿತಿಗಿಂತ ಕೆಳಗಿನ ಭಾರವನ್ನು ಎಷ್ಟು ಕೋಟಿ ಸಲ ಕೊಟ್ಟರೂ ಅವು ತಡೆದುಕೊಳ್ಳುತ್ತವೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಪ್ರತಿ ಸಲದ ಬಾಗುವಿಕೆಯೂ ಅದರ ಲೆಕ್ಕದ ಪುಸ್ತಕದಲ್ಲಿ ಒಂದಿಷ್ಟು ಖರ್ಚು ಬರೆಯುತ್ತದೆ. ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕೇಸ್ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ತಿರುಚಿಕೊಳ್ಳುತ್ತದೆ. ಒಂದೊಂದು ಸಲದ್ದು ಚಿಕ್ಕದು, ನಿಜ. ಆದರೆ ದಿನಕ್ಕೆ ನೂರಾರು ಸಲ, ವರ್ಷಗಟ್ಟಲೆ. ಅದರ ನಡುವೆ ತಿಂಗಳಿಗೊಮ್ಮೆ ಏಳೂವರೆ ಟನ್ನಿನ ಏಟುಗಳು. ವೃತ್ತಿಪರ ಡ್ರ್ಯಾಗ್ ತಂಡದವರು ಅಲ್ಯೂಮಿನಿಯಂ ಬಳಸುತ್ತಾರೆ, ಏಕೆಂದರೆ ಅವರು ಆಗಾಗ ಬಿಚ್ಚುತ್ತಾರೆ, ಬಣ್ಣದ ದ್ರವ (ಡೈ) ಹಾಕಿ ಬಿರುಕು ಹುಡುಕುತ್ತಾರೆ, ಸಂಶಯ ಬಂದರೆ ಎತ್ತಿ ಬಿಸಾಕುತ್ತಾರೆ. ನೀವು ಹಾಗೆ ಮಾಡುತ್ತೀರಾ? 9 ಇಂಚಿನ ಆಕ್ಸಲ್‌ಗೆ ಹಿಂದೆ ಮುಚ್ಚಳ ಇಲ್ಲ ಅನ್ನೋದನ್ನೂ ಮರೆಯಬೇಡಿ. ಒಳಗೆ ನೋಡಬೇಕಾದರೆ ಎರಡೂ ಆಕ್ಸಲ್ ಎಳೆದು, ಡ್ರೈವ್‌ಶಾಫ್ಟ್ ಬಿಚ್ಚಿ, ಇಡೀ ಕೇಸನ್ನು ಮುಂದಿನಿಂದ ಇಳಿಸಬೇಕು. ದಿನಾ ಓಡಿಸುವ ಕಾರಿನಲ್ಲಿ ಇದನ್ನು ಯಾರೂ ಪದೇ ಪದೇ ಮಾಡುವುದಿಲ್ಲ.

ಅಲ್ಯೂಮಿನಿಯಂ ಕೇಸ್ ಈಗಾಗಲೇ ಕೈಯಲ್ಲಿದ್ದವರಿಗೆ ಎರಡು ಮಾತು. ತಯಾರಕರು ಹೇಳಿದ ಪ್ರೀಲೋಡ್ ಕೊಡಿ. ಅದು ಬೀಡಿನದಕ್ಕಿಂತ ಜಾಸ್ತಿ ಇರುತ್ತದೆ, ಹಾಗೆಯೇ ಇರಬೇಕು. ಬೋಲ್ಟ್ ಬದಲು ಸ್ಟಡ್ ಹಾಕಿ. ಅಲ್ಯೂಮಿನಿಯಂ ಥ್ರೆಡ್‌ನಲ್ಲಿ ಬೋಲ್ಟ್ ಹಾಕಿ ತೆಗೆದು ಮಾಡಿದಷ್ಟೂ ಥ್ರೆಡ್ ಕಿತ್ತುಬರುತ್ತದೆ.

ಇನ್ನು ನಾಡ್ಯುಲರ್ ಕೇಸ್ ಕೊಳ್ಳುವ ವಿಷಯ. ಫೋರ್ಡ್ ಕಂಪನಿಯೇ 1960ರ ದಶಕದಲ್ಲಿ ಬಲವಾದ ಎಂಜಿನ್‌ಗಳ ಜೊತೆ ನಾಡ್ಯುಲರ್ ಕೇಸ್ ಕೊಡುತ್ತಿತ್ತು. ಅದರ ಮುಂಭಾಗದಲ್ಲಿ ದೊಡ್ಡದಾಗಿ "ಎನ್" ಅಕ್ಷರ ಅಚ್ಚಾಗಿರುತ್ತದೆ. ಹಳೆಯದು ಸಿಕ್ಕರೆ ಖುಷಿಯಾಗುವುದು ಸಹಜ. ಆದರೆ ಅವಕ್ಕೆ 50 ವರ್ಷ ದಾಟಿದೆ. ಎಷ್ಟು ಕೈ ದಾಟಿ ಬಂದಿವೆಯೋ, ಯಾರು ಏನೇನು ಮಾಡಿದ್ದಾರೋ. ಬರೀ ಅಕ್ಷರ ನೋಡಿ ಹಣ ಕೊಡಬೇಡಿ. ಕೇಸನ್ನು ಹಗ್ಗದಲ್ಲಿ ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ. ನಾಡ್ಯುಲರ್ ಗಂಟೆಯ ಹಾಗೆ ನಾದ ಕೊಡುತ್ತದೆ. ಸಾದಾ ಬೀಡು ದಪ್ ಅನ್ನುತ್ತದೆ. ನಾಡ್ಯುಲರ್ ಅಂತ ಗೊತ್ತಿದ್ದೂ ದಪ್ ಅಂದರೆ ಒಳಗೆ ಬಿರುಕು ಇರಬಹುದು. ಆಮೇಲೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೇಸ್‌ಗೆ ಇರುವ ಇನ್ನೊಂದು ಅನುಕೂಲ ಇದು. ಅಲ್ಯೂಮಿನಿಯಂಗೆ ಈ ಪರೀಕ್ಷೆ ನಡೆಯುವುದಿಲ್ಲ.

ನನ್ನ ಸಲಹೆ, ಹೊಸದಾಗಿ ಹೊಯ್ದ ನಾಡ್ಯುಲರ್ ಕೇಸ್ ತಗೊಳ್ಳಿ. ಹೊಸ ಕೇಸ್‌ಗಳಲ್ಲಿ ಪೈಲಟ್ ಬೇರಿಂಗ್ ಸುತ್ತ ಲೋಹ ಜಾಸ್ತಿ ಇರುತ್ತದೆ, ರಿಬ್‌ಗಳೂ ಚೆನ್ನಾಗಿರುತ್ತವೆ. ಬೋರ್ ಅಳತೆ ಆರಿಸುವಾಗ ಮುಂದಿನ ಯೋಚನೆಯೂ ಇರಲಿ. ಹಳೆಯವು 2.891 ಅಥವಾ 3.062 ಇಂಚು. ಈಗ 3.250 ಇಂಚಿನ ದೊಡ್ಡ ಬೋರ್ ಸಿಗುತ್ತದೆ. ಇವತ್ತು ನೀವು 31 ಸ್ಪ್ಲೈನ್ (ತುದಿಯಲ್ಲಿ ಕೊರೆದ ಹಲ್ಲುಗಳು) ಇರುವ ಆಕ್ಸಲ್‌ನಲ್ಲಿ ಇರಬಹುದು. ನಾಳೆ ಇನ್ನೂ ದಪ್ಪನೆಯ 35ಕ್ಕೆ ಹೋಗುವ ಆಸೆ ಇದ್ದರೆ ದೊಡ್ಡ ಬೋರ್ ಈಗಲೇ ತಗೊಳ್ಳಿ. ಪಿನಿಯನ್ ಸಪೋರ್ಟ್ ಕೂಡ ನಾಡ್ಯುಲರ್‌ದೇ ಇರಲಿ, ದೊಡ್ಡ ಬೇರಿಂಗ್‌ನ ಡೇಟೋನಾ ಮಾದರಿಯದು. ನಾಡ್ಯುಲರ್ ಕೇಸ್‌ಗೆ ಅಲ್ಯೂಮಿನಿಯಂ ಸಪೋರ್ಟ್ ಹಾಕಿದರೆ ಈವರೆಗೆ ಹೇಳಿದ ಬಿಸಿಯ ತಾಪತ್ರಯವೆಲ್ಲ ಪಿನಿಯನ್ ಬೇರಿಂಗ್‌ಗೆ ಬಂದು ಕೂರುತ್ತದೆ.

ಗೇರ್ ಕೊಳ್ಳುವಾಗಲೂ ಇದೇ ಪ್ರಶ್ನೆ ಬರುತ್ತದೆ. ಡ್ರ್ಯಾಗ್‌ಗೆಂದೇ ಮಾಡಿದ 9310 ಉಕ್ಕಿನ ಗೇರ್‌ಗಳಿವೆ. ಅವು ಏಟು ತಡೆಯುತ್ತವೆ, ಆದರೆ ಮೆತ್ತಗೆ. ರಸ್ತೆಯಲ್ಲಿ ಬೇಗ ಸವೆಯುತ್ತವೆ. ನಿಮಗೆ ಮೇಲ್ಮೈ ಗಟ್ಟಿ ಮಾಡಿದ 8620 ಉಕ್ಕಿನ ಸಾಮಾನ್ಯ ಗೇರ್ ಸರಿ.

ಕ್ರೋಮೋಲಿ ಹೌಸಿಂಗ್ ಬಗ್ಗೆ ಕೇಳಿದ್ದೀರಿ. ಇಲ್ಲಿ ತುಂಬಾ ಜನ ಎಡವುತ್ತಾರೆ. 4130 ಕ್ರೋಮೋಲಿ ಮೈಲ್ಡ್ ಸ್ಟೀಲ್‌ಗಿಂತ ಬಲವಾದದ್ದು, ಸಂಶಯ ಇಲ್ಲ. ಆದರೆ ಬಿಗಿತ? ಎರಡಕ್ಕೂ ಒಂದೇ, ಅದೇ 205 ಗಿಗಾಪ್ಯಾಸ್ಕಲ್. ಒಂದೇ ಅಳತೆಯ ಎರಡು ಟ್ಯೂಬ್ ಇಟ್ಟು ಒಂದೇ ಭಾರ ಹಾಕಿದರೆ ಎರಡೂ ಅಷ್ಟೇ ಬಾಗುತ್ತವೆ. ಕ್ರೋಮೋಲಿ ಹೆಚ್ಚು ಬಾಗಿದ ಮೇಲೂ ಹಿಂದಕ್ಕೆ ಬರುತ್ತದೆ, ಮೈಲ್ಡ್ ಸ್ಟೀಲ್ ಬಾಗಿದಂತೆಯೇ ಉಳಿಯಬಹುದು, ಅದೊಂದೇ ವ್ಯತ್ಯಾಸ. ಇನ್ನು ತೂಕ ಉಳಿಸಲು ಕ್ರೋಮೋಲಿಯನ್ನು ತೆಳ್ಳಗೆ ಮಾಡಿದರಂತೂ ಮೊದಲಿಗಿಂತ ಜಾಸ್ತಿ ಬಾಗುತ್ತದೆ. ನಿಮಗೆ ಬೇಕಿರುವುದು ಲಾಂಚ್ ಹೊತ್ತಿಗೆ ಆಕ್ಸಲ್ ನೇರವಾಗಿರುವುದು. ಅದನ್ನು ಆಕಾರದಿಂದ ಪಡೆಯಬೇಕು. ಟ್ಯೂಬಿನ ಗೋಡೆ 6 ಮಿಲಿಮೀಟರ್ ಆಸುಪಾಸು ಇಟ್ಟು ಅಡ್ಡಳತೆಯನ್ನು 3 ಇಂಚಿನಿಂದ 3.25ಕ್ಕೆ ಏರಿಸಿದರೆ ಬಿಗಿತ ಕಾಲು ಭಾಗಕ್ಕಿಂತಲೂ ಜಾಸ್ತಿ ಏರುತ್ತದೆ. ಹಿಂದೆ ಒಂದು ಬ್ರೇಸ್ ಹಾಕಿದರೆ ಇನ್ನೂ ಒಳ್ಳೆಯದು. ಲೋಹ ಸಾದಾ ಮೈಲ್ಡ್ ಸ್ಟೀಲ್ ಆಗಿರಲಿ, ಪರವಾಗಿಲ್ಲ. ಬೆಸುಗೆಯೂ ಸುಲಭ.

ಬೆಸುಗೆ ಅಂದಾಗ ನೆನಪಾಯಿತು, ಇದನ್ನು ದಯವಿಟ್ಟು ಗಮನಿಸಿ. ಬ್ರೇಸ್ ಹಚ್ಚುವಾಗ ಹೌಸಿಂಗ್ ಸೊಟ್ಟಗಾಗುತ್ತದೆ. ಆಗಿಯೇ ಆಗುತ್ತದೆ. ಒಂದು ಕಡೆ ಮಾತ್ರ ಬೆಸೆದರೆ ತಣ್ಣಗಾಗುವಾಗ ಆ ಕಡೆಗೇ ಎಳೆದುಕೊಳ್ಳುತ್ತದೆ. ಒಂದೇ ಸಮನೆ ಬೆಸೆಯದೆ, ಚಿಕ್ಕ ಚಿಕ್ಕ ತುಂಡಾಗಿ, ಜಾಗ ಬದಲಿಸುತ್ತಾ ಬೆಸೆಯಲು ಹೇಳಿ. ಕೆಲಸ ಮುಗಿದ ಮೇಲೆ ಎರಡು ತುದಿಯ ಬೇರಿಂಗ್ ಜಾಗಕ್ಕೂ ಮಧ್ಯದ ಸೈಡ್ ಬೇರಿಂಗ್ ಜಾಗಕ್ಕೂ ಡಮ್ಮಿ ಬುಷ್ ಹಾಕಿ, ಉದ್ದದ ಬಾರ್ ತೂರಿಸಿ ನೇರ ಇದೆಯಾ ನೋಡಬೇಕು. ಕೇಸ್ ಬಂದು ಕೂರುವ ಮುಖದ ಮೇಲೂ ನೇರ ಪಟ್ಟಿ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ಹಾಕಿ ನೋಡಿ. ಆ ಮುಖ ಸೊಟ್ಟಗಿದ್ದರೆ ನಟ್ ಬಿಗಿದಾಗ ಹೊಸ ಕೇಸೂ ಅದರ ಜೊತೆ ಸೊಟ್ಟಗಾಗುತ್ತದೆ. ಟೇಬಲ್ ಮೇಲೆ ಎರಡು ಗಂಟೆ ಕೂತು ಹೊಂದಿಸಿದ ಬ್ಯಾಕ್‌ಲ್ಯಾಶ್ ಅಲ್ಲಿಗೆ ನೀರುಪಾಲು.

ಜೋಡಿಸಿದ ಮೇಲೆ ಮೊದಲ ದಿನವೇ ಸ್ಟ್ರಿಪ್‌ಗೆ ಓಡಬೇಡಿ. 15, 20 ನಿಮಿಷ ಸಾವಕಾಶವಾಗಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ತುಂಬಾ ಬಿಸಿ ಹುಟ್ಟುತ್ತದೆ. ಜಿಎಲ್-5 ದರ್ಜೆಯ ಗೇರ್ ಎಣ್ಣೆ ಹಾಕಿ. ಕ್ಲಚ್ ಇರುವ ಲಿಮಿಟೆಡ್ ಸ್ಲಿಪ್ ಆದರೆ ಅದಕ್ಕೆ ಬೇಕಾದ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿ. 800 ಕಿಲೋಮೀಟರ್‌ಗೆ ಎಣ್ಣೆ ಬದಲಿಸಿ. ಹಳೇ 9 ಇಂಚಿನ ಹೌಸಿಂಗ್‌ಗಳಲ್ಲಿ ಹೆಚ್ಚಿನವಕ್ಕೆ ಎಣ್ಣೆ ಇಳಿಸುವ ಪ್ಲಗ್ಗೇ ಇರುವುದಿಲ್ಲ. ಬ್ರೇಸ್ ಬೆಸೆಯುವ ದಿನವೇ ಕೆಳಗೆ ಒಂದು ಮ್ಯಾಗ್ನೆಟ್ ಪ್ಲಗ್ ಹಾಕಿಸಿಬಿಡಿ. ಮುಚ್ಚಳ ಇಲ್ಲದ ಆಕ್ಸಲ್‌ಗೆ ಅದೇ ಕಿಟಕಿ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಬಂದರೆ ಚಿಂತೆ ಇಲ್ಲ. ಉಗುರಿಗೆ ಸಿಗುವಂಥ ಚೂರು ಬಂದರೆ ಕಾರು ನಿಲ್ಲಿಸಿ, ಕೇಸ್ ಇಳಿಸಿ. ಜೋಡಿಸಿದ ದಿನ ಮಾರ್ಕಿಂಗ್ ಪೇಸ್ಟ್ ಹಚ್ಚಿ ತೆಗೆದ ಪ್ಯಾಟರ್ನ್ ಫೋಟೋ ಜೋಪಾನವಾಗಿ ಇಟ್ಟುಕೊಂಡಿರಿ. ಇಳಿಸಿದಾಗ ಹೊಸ ಪ್ಯಾಟರ್ನ್ ತೆಗೆದು ಪಕ್ಕದಲ್ಲಿ ಇಟ್ಟು ನೋಡಬಹುದು. ಎರಡೂ ಫೋಟೋ ನನಗೆ ಕಳಿಸಿದರೆ ಏನಾಗಿದೆ ಅಂತ ನಾನೂ ನೋಡಿ ಹೇಳುತ್ತೇನೆ.